ಬುಕ್ ಮಾಡುವ ಮೊದಲೇ ಬಂದು ರೂಂ ನೋಡುತ್ತೇವೆ ಅಂತಾರೆ. ಬಿಡಬೇಕಾ, ಬೇಡವಾ?

ತೋಟದಮನೆ_ಸೋಮವಾರಪೇಟೆ

ಎಲ್ಲರಿಗೂ ನಮಸ್ಕಾರ. ಸೋಮವಾರಪೇಟೆ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ಹಳೇ ತೋಟದ ಮನೆ. ಮೂರು ರೂಂ ಬಂದವರಿಗೆ, ಉಳಿದದ್ದರಲ್ಲಿ ನಾವೇ ಇದ್ದೇವೆ. ಯಜಮಾನರು ತೋಟ ನೋಡಿಕೊಳ್ಳುತ್ತಾರೆ. ಊಟ, ತಿಂಡಿ, ರೂಂ ಎಲ್ಲಾ ನನ್ನ ಪಾಲು.

"ಮೇಡಂ, ಬುಕ್ ಮಾಡುವ ಮೊದಲು ಒಂದು ಸಲ ಬಂದು ನೋಡಬಹುದಾ?" ಅಂತ ಕೇಳುವವರು ಈಚೆಗೆ ಜಾಸ್ತಿ ಆಗಿದ್ದಾರೆ. ಬೇಡ ಅಂದರೆ "ಏನೋ ಮುಚ್ಚಿಡುತ್ತಿದ್ದಾರೆ" ಅನ್ನುವ ಥರ ಮಾತಾಡುತ್ತಾರೆ. ಬನ್ನಿ ಅಂದರೆ ಬೇರೆ ಕಷ್ಟ. ಹೋದ ಸೀಸನ್‌ನಲ್ಲಿ ಒಂದು ಕಾರು ತುಂಬ ಜನ ನೋಡಲು ಬಂದರು. ಒಳಗಿದ್ದ ಗೆಸ್ಟ್ ಆಗಷ್ಟೇ ಮಧ್ಯಾಹ್ನದ ಊಟ ಮಾಡಿ ಮಲಗಿದ್ದರು. ಬಂದವರು ಜಗುಲಿಯಲ್ಲಿ ಕೂತರು, ಕಾಫಿ ಕುಡಿದರು, ಬಾತ್‌ರೂಂ ಬಳಸಿದರು, ಕಾಫಿ ಕಣದಲ್ಲಿ ನಿಂತು ಫೋಟೋ ತೆಗೆದುಕೊಂಡರು, ಹೇಳಿ ಕಳಿಸುತ್ತೇವೆ ಅಂತ ಹೊರಟರು. ಕಾಫಿ ಕೊಟ್ಟಿದ್ದಕ್ಕೆ ನನಗೇನೂ ಬೇಜಾರಿಲ್ಲ, ಅದು ನಮ್ಮ ಮನೆಯ ಪದ್ಧತಿ. ಆದರೆ ದುಡ್ಡು ಕೊಟ್ಟು ನೆಮ್ಮದಿಗೆ ಅಂತ ಬಂದು ಮಲಗಿದ್ದವರ ಬಾಗಿಲ ಮುಂದೆ ಇಷ್ಟು ಗಲಾಟೆ ಆಯಿತಲ್ಲಾ ಅಂತ ಸಂಕಟ ಆಯಿತು.

ನಿನ್ನೆ ಮತ್ತೊಬ್ಬರು ಫೋನ್ ಮಾಡಿದರು. ವಯಸ್ಸಾದ ತಂದೆಯನ್ನು ಕರೆದುಕೊಂಡು ಬರಬೇಕಂತೆ, ಬಾತ್‌ರೂಂ ನೋಡದೆ ಬುಕ್ ಮಾಡಲು ಧೈರ್ಯ ಇಲ್ಲ ಅಂದರು. ಅವರಿಗೆ ಇಲ್ಲ ಅನ್ನಲು ಮನಸ್ಸು ಬರಲಿಲ್ಲ. ನೀವೆಲ್ಲಾ ಏನು ಮಾಡುತ್ತೀರಿ? ಹೋಂಸ್ಟೇ ನಡೆಸುವವರೂ ಹೇಳಿ, ಹೋಗುವವರೂ ಹೇಳಿ.

ವಾರಾಂತ್ಯ_ವಿಜಯನಗರ

ಖಂಡಿತ ಬಿಡಬೇಕು ಮೇಡಂ. ಉಡುಪಿ, ಮೈಸೂರು, ಹುಬ್ಬಳ್ಳಿ, ಎಲ್ಲೇ ಲಾಡ್ಜಿಗೆ ಹೋಗಿ "ಮೊದಲು ರೂಂ ತೋರಿಸಿ" ಅನ್ನಿ. ರೂಂ ಬಾಯ್ ಕೀ ಹಿಡಿದುಕೊಂಡು ಮುಂದೆ ನಡೆಯುತ್ತಾನೆ. ಲೈಟ್ ಹಾಕಿ, ಫ್ಯಾನ್ ಹಾಕಿ, ನಲ್ಲಿ ಬಿಟ್ಟು ನೋಡಿ ಆಮೇಲೆ ರಿಜಿಸ್ಟರ್‌ನಲ್ಲಿ ಸಹಿ ಮಾಡುತ್ತೇವೆ. 800 ರೂಪಾಯಿ ರೂಮಿಗೆ ಇರುವ ಸೌಲಭ್ಯ ತಲೆಗೆ 3000 ತೆಗೆದುಕೊಳ್ಳುವ ಕಡೆ ಯಾಕಿಲ್ಲ?

ಫೋಟೋ ನಂಬಿ ಮೋಸ ಹೋದವನು ನಾನು. ಮಲೆನಾಡಿನ ಒಂದು ಕಡೆ ಫೋಟೋದಲ್ಲಿ ದೊಡ್ಡ ಕಿಟಕಿ, ಕಿಟಕಿ ತುಂಬಾ ಹಸಿರು. ಹೋಗಿ ನೋಡಿದರೆ ಆ ಕಿಟಕಿ ಇರುವುದು ಮಾಲೀಕರ ಹಾಲ್‌ನಲ್ಲಿ. ನಮಗೆ ಕೊಟ್ಟ ರೂಮಿನ ಕಿಟಕಿ ತೆಗೆದರೆ ಪಕ್ಕದ ಶೆಡ್ಡಿನ ತಗಡು. ಕೇಳಿದರೆ "ಫೋಟೋ ನಮ್ಮ ಮನೆಯದ್ದೇ ಅಲ್ವಾ ಸರ್" ಅಂದರು. ಅಡ್ವಾನ್ಸ್ ವಾಪಸ್ ಬರಲಿಲ್ಲ.

ಏಲಕ್ಕಿ_ಸಕಲೇಶಪುರ

ಲಾಡ್ಜ್ ಬೇರೆ, ಹೋಂಸ್ಟೇ ಬೇರೆ ಸರ್. ಲಾಡ್ಜಿನಲ್ಲಿ ಯಾವಾಗಲೂ ಒಂದೆರಡು ರೂಂ ಖಾಲಿ ಇರುತ್ತದೆ, ತೋರಿಸಲೆಂದೇ ಸಂಬಳದ ಹುಡುಗರಿರುತ್ತಾರೆ. ನಮ್ಮಲ್ಲಿ ಇರುವುದೇ ಎರಡು ರೂಂ. ಶನಿವಾರ ಎರಡೂ ತುಂಬಿರುತ್ತದೆ. ನೋಡಲು ಬರುವವರು ಬರುವುದೂ ಶನಿವಾರವೇ. ಒಳಗಿರುವವರ ಬಾಗಿಲು ತಟ್ಟಿ "ಸ್ವಲ್ಪ ಎದ್ದು ಹೊರಗೆ ಬನ್ನಿ, ಇವರಿಗೆ ರೂಂ ತೋರಿಸಬೇಕು" ಅನ್ನಲಾ? ನೀವೇ ಆ ಗೆಸ್ಟ್ ಆಗಿದ್ದರೆ ಸುಮ್ಮನೆ ಇರುತ್ತಿದ್ದಿರಾ?

ವಾರಾಂತ್ಯ_ವಿಜಯನಗರ

ತುಂಬಿರುವಾಗ ತೋರಿಸಿ ಅಂತ ನಾನು ಹೇಳಲಿಲ್ಲ. ಖಾಲಿ ಇರುವಾಗ ತೋರಿಸಲು ಏನು ಕಷ್ಟ?

ಗಿರಿಜಕ್ಕ

ವಿಡಿಯೋ ಕಾಲ್ ಮಾಡಿ ತೋರಿಸಿ, ಮುಗೀತು.

ಏಲಕ್ಕಿ_ಸಕಲೇಶಪುರ

ಅಕ್ಕಾ, ನಮ್ಮ ಕಡೆ ಕರೆಂಟ್ ಹೋದರೆ ವೈಫೈ ಹೋಯಿತು, ಮಳೆಗಾಲದಲ್ಲಿ ಟವರೂ ಹೋಯಿತು. ವಿಡಿಯೋ ಕಾಲ್ ಅಂದಾಗ ಚಿತ್ರ ನಿಂತು ನಿಂತು ಹೋಗುತ್ತದೆ, ಆ ಕಡೆಯವರು ಬೇಕಂತಲೇ ಕಟ್ ಮಾಡಿದೆ ಅಂದುಕೊಳ್ಳುತ್ತಾರೆ. ಅದಕ್ಕೆ ಈಗ ಮೊದಲೇ ಒಂದು ವಿಡಿಯೋ ಮಾಡಿಟ್ಟಿದ್ದೇನೆ. ಗೇಟಿನಿಂದ ಶುರು ಮಾಡಿ, ಎಲ್ಲೂ ನಿಲ್ಲಿಸದೆ, ಮೆಟ್ಟಿಲು, ಜಗುಲಿ, ರೂಂ, ಬಾತ್‌ರೂಂ, ಬಿಸಿನೀರಿನ ನಲ್ಲಿ, ಕಿಟಕಿ ತೆಗೆದರೆ ಏನು ಕಾಣುತ್ತದೆ, ಎಲ್ಲಾ ಒಂದೇ ಓಟದಲ್ಲಿ. ಎಡಿಟಿಂಗ್ ಇಲ್ಲ, ಹಾಡು ಇಲ್ಲ. ಯಾರು ಕೇಳಿದರೂ ಅದನ್ನೇ ಕಳಿಸುತ್ತೇನೆ. ಅದನ್ನು ನೋಡಿದ ಮೇಲೂ ಬಂದು ನೋಡಬೇಕು ಅಂದವರು ಬಹಳ ಕಡಿಮೆ.

ಎಚ್ಎಸ್ಆರ್_ಎರಡನೇ_ಮಹಡಿ

ಬೆಂಗಳೂರಿನಲ್ಲಿ ಎರಡು ಬೆಡ್‌ರೂಂ ಫ್ಲ್ಯಾಟ್ ಏರ್‌ಬಿಎನ್‌ಬಿಯಲ್ಲಿ ಹಾಕಿದ್ದೇನೆ. ನಾನು ತೋರಿಸುವುದಿಲ್ಲ. ಕಾರಣ ಹೇಳುತ್ತೇನೆ.

ಆ ಆ್ಯಪ್‌ನಲ್ಲಿ ಬುಕಿಂಗ್ ಖಚಿತ ಆಗುವ ತನಕ ಮನೆಯ ಪೂರ್ತಿ ವಿಳಾಸ ಕಾಣಿಸುವುದಿಲ್ಲ. ಮ್ಯಾಪ್‌ನಲ್ಲಿ ಸುಮಾರು ಯಾವ ಏರಿಯಾ ಅಂತ ಗೊತ್ತಾಗುತ್ತದೆ, ಅಷ್ಟೇ. ಮೆಸೇಜಿನಲ್ಲಿ ಫೋನ್ ನಂಬರ್ ಟೈಪ್ ಮಾಡಿದರೂ ಮರೆಮಾಡುತ್ತದೆ. ಇದು ಸುಮ್ನೆ ಮಾಡಿದ್ದಲ್ಲ. ವಿಳಾಸ ಕೊಟ್ಟ ಮೇಲೆ ಆ ಮನುಷ್ಯ ಬುಕ್ ಮಾಡಿದರೂ ಮಾಡದಿದ್ದರೂ ಅವನಿಗೆ ನನ್ನ ಮನೆ ಗೊತ್ತು. ಯಾವ ದಿನ ಖಾಲಿ ಇರುತ್ತದೆ ಅಂತ ಅದೇ ಆ್ಯಪ್‌ನ ಕ್ಯಾಲೆಂಡರ್ ಹೇಳುತ್ತದೆ.

ಇನ್ನೊಂದು, ನೋಡಲು ಬಂದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಬಾಗಿಲಲ್ಲೇ ನಿಂತು ಹೇಳುವ ಮಾತು ಒಂದೇ: "ಆ್ಯಪ್ ಯಾಕೆ ಸರ್, ಕ್ಯಾಶ್ ಕೊಡ್ತೀನಿ, ನಿಮಗೂ ಕಮಿಷನ್ ಉಳಿಯುತ್ತೆ, ನನಗೂ ಉಳಿಯುತ್ತೆ." ಹಾಗೆ ಹೊರಗಿಂದ ದುಡ್ಡು ತೆಗೆದುಕೊಂಡರೆ ಟಿವಿ ಒಡೆದರೆ ನಾನು ಯಾರ ಹತ್ತಿರ ಹೋಗಲಿ? ನಾನು ಕೈ ಕೊಟ್ಟರೆ ಅವರು ಯಾರ ಹತ್ತಿರ ಹೋಗುತ್ತಾರೆ? ಇನ್ನು ಅಪಾರ್ಟ್‌ಮೆಂಟ್ ಗೇಟಿನಲ್ಲಿ ಪ್ರತಿ ಸಲ ಹೊಸ ಮುಖ ಬಂದರೆ ಅಸೋಸಿಯೇಷನ್‌ನವರು ನನ್ನನ್ನೇ ಹಿಡಿಯುತ್ತಾರೆ. ಬುಕ್ ಮಾಡಿ ಬಂದವರಿಗೇ ಉತ್ತರ ಕೊಟ್ಟು ಸಾಕಾಗಿದೆ, ನೋಡಲು ಬಂದವರಿಗೂ ಕೊಡಬೇಕಾ?

ಒಂಟಿಕೊಪ್ಪಲ್_ಮನೆ

ಮೈಸೂರಿನಲ್ಲಿ ಕೆಳಗಿನ ಮನೆ ದಿನದ ಬಾಡಿಗೆಗೆ ಕೊಡುತ್ತೇನೆ, ಮೇಲೆ ನಾನೊಬ್ಬಳೇ ಇರುವುದು. ತೋರಿಸುತ್ತೇನೆ, ಆದರೆ ನನ್ನ ಷರತ್ತಿನ ಮೇಲೆ. ಹಿಂದಿನ ದಿನವೇ ಹೆಸರು, ಎಷ್ಟು ಜನ, ಯಾವ ಊರು ಅಂತ ಮೆಸೇಜ್ ಮಾಡಬೇಕು. ಬೆಳಗ್ಗೆ 11ರಿಂದ 1 ಗಂಟೆ ಒಳಗೆ ಬರಬೇಕು. ಹಿಂದಿನವರು ಖಾಲಿ ಮಾಡಿ ಹೊಸಬರು ಬರುವ ಮಧ್ಯದ ಹೊತ್ತು ಅದು, ಕೆಲಸದವಳೂ ಮನೆಯಲ್ಲಿರುತ್ತಾಳೆ. ಸಂಜೆ ಆರರ ಮೇಲೆ ಯಾರು ಬಂದರೂ ಗೇಟ್ ತೆಗೆಯುವುದಿಲ್ಲ, ಎಷ್ಟೇ ಒಳ್ಳೆಯ ಮಾತಾಡಲಿ.

ಬಾಡಿಗೆಯ ಭಾಗ ಮಾತ್ರ ತೋರಿಸುತ್ತೇನೆ. ನನ್ನ ಅಡಿಗೆಮನೆ, ದೇವರ ಕೋಣೆ, ಹಿತ್ತಲು ಯಾವುದೂ ಇಲ್ಲ. ಒಮ್ಮೆ ಒಬ್ಬರು ಬಂದು ರೂಂ ಕಡೆ ನೋಡಲೇ ಇಲ್ಲ. "ಮೇಲೆ ಯಾರಿರುತ್ತಾರೆ, ರಾತ್ರಿ ನೀವೊಬ್ಬರೇನಾ, ನಾಯಿ ಇದೆಯಾ" ಅಂತಲೇ ಕೇಳುತ್ತಾ ಹೋದರು. ಬುಕಿಂಗ್ ತುಂಬಿದೆ ಅಂತ ಹೇಳಿ ಕಳಿಸಿದೆ. ಕೇಳುವ ಪ್ರಶ್ನೆಯಲ್ಲೇ ಗೊತ್ತಾಗುತ್ತದೆ. ನಿಜವಾಗಿ ಉಳಿಯಲು ಬರುವವರು ಬಿಸಿನೀರು, ಪಾರ್ಕಿಂಗ್, ತಿಂಡಿ ಕೇಳುತ್ತಾರೆ.

ಗಿರಿಜಕ್ಕ

ನಾಯಿ ಇದೆಯಾ ಅಂತ ನಾನೂ ಕೇಳುತ್ತೇನೆ ಮಾರಾಯ್ತಿ, ನನಗೆ ನಾಯಿ ಅಂದರೆ ಭಯ. ಆದರೆ ನೀವು ಹೇಳಿದ್ದು ಸರಿ, ಒಬ್ಬಳೇ ಇರುವವಳು ಹುಷಾರಾಗಿರಬೇಕು.

ಶಿವಮೊಗ್ಗ_ಸುರಗಿ

ತೋಟದಮನೆಯವರು ಹೇಳಿದ ಆ ಎರಡನೆಯ ಫೋನಿನ ಬಗ್ಗೆ ಹೇಳಬೇಕು. ನಾನು ಅದೇ ಸ್ಥಿತಿಯಲ್ಲಿರುವವಳು. ಅಮ್ಮನಿಗೆ ಎರಡೂ ಮಂಡಿ ಆಪರೇಷನ್ ಆಗಿದೆ. ನಾವು ಎಲ್ಲೇ ಹೋಗುವುದಿದ್ದರೂ ನೋಟ, ಕ್ಯಾಂಪ್‌ಫೈರ್, ಯಾವುದೂ ಮೊದಲ ಪ್ರಶ್ನೆ ಅಲ್ಲ. ಬಾತ್‌ರೂಂ ಮೊದಲು.

ಎಲ್ಲಾ ಹೋಂಸ್ಟೇ ಫೋಟೋದಲ್ಲೂ ಬೆಡ್‌ಶೀಟ್ ಮೇಲೆ ಹೂವು ಇಟ್ಟಿರುತ್ತಾರೆ, ಬಾತ್‌ರೂಮಿನ ಬಾಗಿಲ ಬುಡ ಮಾತ್ರ ಯಾರೂ ತೋರಿಸುವುದಿಲ್ಲ. ನಾವು ಒಂದು ಕಡೆ ಹೋದಾಗ ರೂಮಿನಿಂದ ಬಾತ್‌ರೂಮಿಗೆ ಇಳಿಯುವಲ್ಲಿ ಅರ್ಧ ಅಡಿ ಇಳಿತ ಇತ್ತು. ಅದರ ಮೇಲೆ ಎರಡು ಬೆರಳು ಎತ್ತರದ ಕಲ್ಲಿನ ಪಟ್ಟಿ, ನೀರು ರೂಮಿಗೆ ಬರದಿರಲಿ ಅಂತ. ಒಳಗೆ ಹೊಳೆಯುವ ಟೈಲ್ಸ್, ಒದ್ದೆ. ಹಿಡಿದುಕೊಳ್ಳಲು ಏನಂದರೆ ಏನೂ ಇಲ್ಲ, ಟವೆಲ್ ಹಾಕುವ ಕಂಬಿ ಕೈ ಇಟ್ಟರೆ ಅಲ್ಲಾಡುತ್ತಿತ್ತು. ಅಮ್ಮ ರಾತ್ರಿ ಎರಡು ಸಲ ಎದ್ದರೆ ಎರಡು ಸಲವೂ ನಾನು ಎದ್ದು ಹಿಡಿದುಕೊಂಡು ಇಳಿಸಬೇಕು. ಫೋನಿನಲ್ಲಿ ಕೇಳಿದ್ದಾಗ "ಎಲ್ಲಾ ಕಂಫರ್ಟೆಬಲ್ ಇದೆ ಮೇಡಂ, ವಯಸ್ಸಾದವರು ತುಂಬಾ ಜನ ಬರುತ್ತಾರೆ" ಅಂದಿದ್ದರು.

ನಮ್ಮಂಥವರಿಗೆ ನೋಡುವುದು ಚಪಲ ಅಲ್ಲ, ಬೇರೆ ದಾರಿ ಇಲ್ಲ. ಬಂದು ನೋಡಲು ಬಿಡಿ, ಇಲ್ಲ ಅಂದರೆ ಕೇಳಿದ್ದಕ್ಕೆ ಅಳತೆ ಹಾಕಿ ಹೇಳಿ. ಕಾರು ನಿಲ್ಲಿಸುವ ಜಾಗದಿಂದ ಎಷ್ಟು ಮೆಟ್ಟಿಲು, ಕಂಬಿ ಇದೆಯಾ, ಕಮೋಡ್ ಇದೆಯಾ, ಮಂಚ ಎಷ್ಟು ಎತ್ತರ, ಬಿಸಿನೀರು ನಲ್ಲಿಯಲ್ಲೇ ಬರುತ್ತಾ ಅಥವಾ ಹಂಡೆಯಿಂದ ಬಕೆಟಿನಲ್ಲಿ ತರಬೇಕಾ, ರಾತ್ರಿ ಏನಾದರೂ ಆದರೆ ಆಸ್ಪತ್ರೆ ಎಷ್ಟು ದೂರ. ಇಷ್ಟೇ.

ತೋಟದಮನೆ_ಸೋಮವಾರಪೇಟೆ

ಸುರಗಿಯವರೇ, ಓದಿ ನೇರ ಎದ್ದು ಹೋಗಿ ಟೇಪ್ ಹಿಡಿದೆ. ನಮ್ಮ ಮೂರು ರೂಮಿನಲ್ಲಿ ಎರಡಕ್ಕೆ ಬಾತ್‌ರೂಮಿಗೆ ಇಳಿತ ಇದೆ, ಮುಂದಿನ ರೂಮಿಗೆ ಇಲ್ಲ. ಆ ಫೋನ್ ಮಾಡಿದವರಿಗೆ ಮುಂದಿನ ರೂಮಿನ ಫೋಟೋ, ಟೇಪ್ ಇಟ್ಟೇ ತೆಗೆದು ಕಳಿಸಿದೆ. ಜಗುಲಿಗೆ ನಾಲ್ಕು ಮೆಟ್ಟಿಲಿದೆ, ಕಂಬಿ ಇಲ್ಲ ಅಂತಲೂ ಹೇಳಿದೆ. ಅವರು ಬಂದು ನೋಡುವುದು ಬೇಡ, ಇಷ್ಟು ಸಾಕು ಅಂದರು. ಕಂಬಿ ಹಾಕಿಸಲು ವೆಲ್ಡಿಂಗ್‌ನವರಿಗೆ ಹೇಳಿದ್ದೇನೆ.

ಶಿವಮೊಗ್ಗ_ಸುರಗಿ

ಕಂಬಿ ಎರಡೂ ಕಡೆ ಹಾಕಿಸಿ ಮೇಡಂ. ಹತ್ತುವಾಗ ಒಂದು ಕೈ, ಇಳಿಯುವಾಗ ಇನ್ನೊಂದು ಕೈ ಬೇಕಾಗುತ್ತದೆ.

ಕ್ಯಾಮೆರಾ_ಕಣ್ಣು

ಫೋಟೋ ನೋಡಿ ಅಳತೆ ಹಿಡಿಯುವುದು ಕಷ್ಟ ಏನಲ್ಲ. ನಾನು ಒಳಾಂಗಣದ ಫೋಟೋ ತೆಗೆಯುವ ಕೆಲಸದವನು, ಹೇಳುತ್ತೇನೆ ಕೇಳಿ.

ಈಗಿನ ಫೋನಿನಲ್ಲಿ 0.5 ಅಂತ ಒಂದು ಲೆನ್ಸ್ ಇರುತ್ತದೆ. ಅದರಲ್ಲಿ ಮೂಲೆಯಲ್ಲಿ ನಿಂತು ತೆಗೆದರೆ ಹತ್ತಡಿಯ ರೂಂ ಹಾಲ್ ಥರ ಕಾಣುತ್ತದೆ. ಪತ್ತೆ ಹಚ್ಚುವುದು ಹೇಗೆ ಅಂದರೆ ಅಂಚು ನೋಡಿ. ಚೌಕಟ್ಟಿನ ಬದಿಯಲ್ಲಿರುವ ದಿಂಬು, ಕುರ್ಚಿ ಎಳೆದ ಹಾಗೆ ಉದ್ದ ಆಗಿರುತ್ತದೆ, ಬಾಗಿಲು ವಾಲಿದ ಹಾಗೆ ಕಾಣುತ್ತದೆ. ಆಮೇಲೆ ನೆಲ ನೋಡಿ. ಟೈಲ್ಸ್ ಸಾಮಾನ್ಯವಾಗಿ ಎರಡಡಿಗೆ ಎರಡಡಿ ಇರುತ್ತದೆ. ಗೋಡೆಯಿಂದ ಗೋಡೆಗೆ ಐದು ಟೈಲ್ಸ್ ಎಣಿಸಿದರೆ ಹತ್ತಡಿ, ಅಷ್ಟೇ ರೂಂ. ಲೆನ್ಸ್ ಏನೇ ಮಾಡಲಿ, ಟೈಲ್ಸ್ ಎಣಿಕೆ ಬದಲಾಗುವುದಿಲ್ಲ. ಹಳೇ ಮನೆಯಲ್ಲಿ ರೆಡ್ ಆಕ್ಸೈಡ್ ನೆಲ ಇದ್ದರೆ ಇದು ನಡೆಯದು, ಆಗ ಮಂಚ ನೋಡಿ. ಮಂಚದ ಎರಡೂ ಬದಿಗೆ ಗೋಡೆ ತನಕ ಎಷ್ಟು ಜಾಗ ಉಳಿದಿದೆ ಅನ್ನುವುದರಲ್ಲಿ ಗೊತ್ತಾಗುತ್ತದೆ.

ಹದಿನೈದು ಫೋಟೋದಲ್ಲಿ ಹತ್ತು ಬರೀ ಕಾಫಿ ಗಿಡ, ಮಂಜು, ಟೀ ಕಪ್ ಆಗಿದ್ದರೆ ರೂಮಿನ ಬಗ್ಗೆ ಹೇಳಲು ಅವರ ಹತ್ತಿರ ಏನೂ ಇಲ್ಲ ಅಂತ ಲೆಕ್ಕ. ರಿವ್ಯೂ ಓದುವಾಗಲೂ ಹೊಸದು ಮೊದಲು ಓದಿ. ಮಲೆನಾಡು, ಕೊಡಗಿಗೆ ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬರೆದದ್ದನ್ನು ಹುಡುಕಿ ಓದಿ. ಗೋಡೆ ಒಸರುತ್ತಾ, ಹಾಸಿಗೆ ಮುಗ್ಗಲು ವಾಸನೆ ಬರುತ್ತಾ, ಎಲ್ಲಾ ಅಲ್ಲಿ ಬಂದಿರುತ್ತದೆ.

ವಾರಾಂತ್ಯ_ವಿಜಯನಗರ

ಟೈಲ್ಸ್ ಲೆಕ್ಕ ಚೆನ್ನಾಗಿದೆ. ಆದರೆ ಕೇಳಿ, ಇಲ್ಲಿ ಎಲ್ಲಾ ಹೋಂಸ್ಟೇಯವರೂ ಒಂದೇ ಕಡೆ ಮಾತಾಡುತ್ತಿದ್ದೀರಿ. ಗ್ರಾಹಕ ಟೈಲ್ಸ್ ಎಣಿಸಬೇಕು, ರಿವ್ಯೂ ಅಗೆಯಬೇಕು, ಲೆನ್ಸ್ ಪತ್ತೆ ಹಚ್ಚಬೇಕು. ಮಾಲೀಕರು ಬಾಗಿಲು ತೆಗೆಯುವುದಕ್ಕೆ ಮಾತ್ರ ಇಷ್ಟು ಕಷ್ಟವಾ? ಬೆಂಗಳೂರಿನಿಂದ 250 ಕಿಲೋಮೀಟರ್ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಬಂದು, ರಾತ್ರಿ ಎಂಟಕ್ಕೆ ತಲುಪಿ, ಫೋಟೋದಲ್ಲಿ ಇದ್ದದ್ದು ಇಲ್ಲ ಅಂತ ಗೊತ್ತಾದರೆ ಎಲ್ಲಿಗೆ ಹೋಗಬೇಕು? ಲಾಂಗ್ ವೀಕೆಂಡ್ ಬೇರೆ, ಮಡಿಕೇರಿಯಲ್ಲಿ ಒಂದು ರೂಂ ಸಿಗುವುದಿಲ್ಲ. ಆ ಹೊತ್ತಿಗೆ ಮಾಲೀಕರು ಹೇಳಿದ್ದಕ್ಕೆ ಹೂಂ ಅನ್ನಬೇಕು.

ಏಲಕ್ಕಿ_ಸಕಲೇಶಪುರ

ಸರ್, ನಿಮ್ಮ ಮಾತಿನಲ್ಲೇ ಉತ್ತರ ಇದೆ. 250 ಕಿಲೋಮೀಟರ್ ದೂರದಿಂದ ಬರುವವರು ಬುಕ್ ಮಾಡುವ ಮೊದಲು ನೋಡಿ ಹೋಗಲು ಹೇಗೆ ಬರುತ್ತೀರಿ? ಹೋಗಿ ಬರಲು 500 ಕಿಲೋಮೀಟರ್. ನೋಡಲು ಬರುವವರು ಯಾರು ಅಂದರೆ ಆಗಲೇ ಈ ಕಡೆ ಟ್ರಿಪ್ ಬಂದವರು, ಇಲ್ಲ ಹತ್ತಿರದ ಊರಿನವರು. ನಿಮ್ಮಂಥ ಫ್ಯಾಮಿಲಿಗೆ ನಾನು ಬಾಗಿಲು ತೆಗೆದಿಟ್ಟರೂ ಉಪಯೋಗ ಇಲ್ಲ. ನಿಮಗೆ ಬೇಕಾದ್ದು ಎರಡು. ಹಾಕಿದ ಫೋಟೋ ನಿಜ ಇರಬೇಕು, ನಿಜ ಅಲ್ಲ ಅಂತ ಬಾಗಿಲಲ್ಲಿ ಗೊತ್ತಾದರೆ ದುಡ್ಡು ವಾಪಸ್ ಬರಬೇಕು.

ನಾನು ಅದನ್ನು ಮಾಡುತ್ತೇನೆ. ಬಂದು ರೂಂ ನೋಡಿ, ಹಿಡಿಸಲಿಲ್ಲ ಅಂದರೆ ಬ್ಯಾಗ್ ಬಿಚ್ಚುವ ಮೊದಲು ಹೇಳಿ, ಪೂರ್ತಿ ವಾಪಸ್ ಕೊಡುತ್ತೇನೆ. ಕಾರಣವನ್ನೂ ಕೇಳುವುದಿಲ್ಲ.

ಎಚ್ಎಸ್ಆರ್_ಎರಡನೇ_ಮಹಡಿ

ಆ ರಾತ್ರಿ ರೂಂ ಖಾಲಿ ಉಳಿದರೆ ನಷ್ಟ ನಿಮ್ಮದೇ ತಾನೆ?

ಏಲಕ್ಕಿ_ಸಕಲೇಶಪುರ

ನನ್ನದೇ. ಆದರೆ ಹಾಗೆ ವಾಪಸ್ ಹೋದವರು ತೀರಾ ಅಪರೂಪ. ಬೇಡದ ರೂಮಿನಲ್ಲಿ ಮುಖ ಗಂಟಿಕ್ಕಿಕೊಂಡು ಎರಡು ದಿನ ಕೂತು, ಹೋಗಿ ಒಂದು ಸ್ಟಾರ್ ಹಾಕಿದರೆ ಅದರ ನಷ್ಟ ಇನ್ನೂ ದೊಡ್ಡದು.

ಕಾನೂನು_ಕಟ್ಟೆ

ವಿಜಯನಗರದವರಿಗೆ ಎರಡು ಮಾತು. ಏರ್‌ಬಿಎನ್‌ಬಿ ಮೂಲಕ ಹೋಗಿದ್ದರೆ, ಇದೆ ಅಂದಿದ್ದ ಸೌಲಭ್ಯ ಇಲ್ಲ ಅಂತ ಗೊತ್ತಾದ 72 ಗಂಟೆಯೊಳಗೆ ಅವರಿಗೆ ತಿಳಿಸಬೇಕು. ಅಲ್ಲೇ ಫೋಟೋ, ವಿಡಿಯೋ ತೆಗೆದಿಟ್ಟುಕೊಳ್ಳಿ. ಮಾಲೀಕರ ಜೊತೆ ಮಾತು ಆ್ಯಪ್ ಮೆಸೇಜಿನಲ್ಲೇ ಇರಲಿ, ಬಾಯಿಮಾತು ಆಮೇಲೆ ಲೆಕ್ಕಕ್ಕೆ ಬರುವುದಿಲ್ಲ.

ನೇರ ಬುಕ್ ಮಾಡಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. ಇಲ್ಲದ ರೂಂ ತೋರಿಸಿ ಬೇರೆ ರೂಂ ಕೊಡುವುದು ಸುಮ್ನೆ ಬಿಡುವ ವಿಷಯ ಅಲ್ಲ. ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ದೂರು ಕೊಡಲು ಕೊಡಗಿಗೋ ಹಾಸನಕ್ಕೋ ಹೋಗಬೇಕಾಗಿಲ್ಲ, ನೀವು ವಾಸ ಇರುವ ಜಿಲ್ಲೆಯಲ್ಲೇ ಕೊಡಬಹುದು. ಕೊಟ್ಟ ದುಡ್ಡು 5 ಲಕ್ಷದ ಒಳಗಿದ್ದರೆ ಶುಲ್ಕವೂ ಇಲ್ಲ.

ವಾರಾಂತ್ಯ_ವಿಜಯನಗರ

ನಮ್ಮ ಜಿಲ್ಲೆಯಲ್ಲೇ ಕೊಡಬಹುದು ಅನ್ನುವುದು ಗೊತ್ತಿರಲಿಲ್ಲ ಸರ್. ಥ್ಯಾಂಕ್ಸ್.

ಜರ್ಸಿ_ಕನ್ನಡಿಗ

ನಾನು ಅಮೆರಿಕದ ನ್ಯೂಜರ್ಸಿಯಲ್ಲಿದ್ದೇನೆ. ಇಲ್ಲಿ ಎರಡು ದಿನಕ್ಕೆ ಮನೆ ತೆಗೆದುಕೊಳ್ಳುವವರು ಯಾರೂ ಮೊದಲು ನೋಡುತ್ತೇನೆ ಅನ್ನುವುದಿಲ್ಲ. ಆದರೆ ತಿಂಗಳುಗಟ್ಟಲೆ ಇರುವುದಾದರೆ ನೋಡದೆ ಅಡ್ವಾನ್ಸ್ ಕೊಡುವವರೂ ಇಲ್ಲ. ಕಾರಣ, ಇಲ್ಲಿನ ಮೋಸದ ಹಳೇ ವರಸೆ ಒಂದಿದೆ: "ನಾನು ದೇಶದಿಂದ ಹೊರಗಿದ್ದೇನೆ, ಮನೆ ತೋರಿಸಲು ಆಗುವುದಿಲ್ಲ, ಡಿಪಾಸಿಟ್ ಕಳಿಸಿ, ಕೀ ಕೊರಿಯರ್‌ನಲ್ಲಿ ಬರುತ್ತದೆ." ಮನೆಯೂ ಅವನದ್ದಲ್ಲ, ಫೋಟೋವೂ ಅವನದ್ದಲ್ಲ. ಹೊಸದಾಗಿ ಓದಲು ಬರುವ ನಮ್ಮ ಹುಡುಗರು ಇದಕ್ಕೆ ಬೀಳುತ್ತಾರೆ. ಹಾಗಾಗಿ ಎಷ್ಟು ದಿನ ಅನ್ನುವುದರ ಮೇಲೆ ಹೋಗಬೇಕು ಅಂತ ನನಗನ್ನಿಸುತ್ತದೆ.

ಪಕ್ಕದ ನ್ಯೂಯಾರ್ಕ್ ನಗರದಲ್ಲಂತೂ 2023ರ ಸೆಪ್ಟೆಂಬರ್‌ನಿಂದ 30 ದಿನಕ್ಕಿಂತ ಕಡಿಮೆ ಅವಧಿಗೆ ಮನೆ ಕೊಡುವವರು ನಗರ ಆಡಳಿತದಲ್ಲಿ ನೋಂದಣಿ ಮಾಡಿಸಬೇಕು, ಮನೆಯವರು ಅಲ್ಲೇ ಇರಬೇಕು, ಒಂದು ಸಲಕ್ಕೆ ಇಬ್ಬರಿಗಿಂತ ಜಾಸ್ತಿ ಜನರನ್ನು ಇಟ್ಟುಕೊಳ್ಳುವಂತಿಲ್ಲ.

ಮಡಿಕೇರಿ_ಮಂಜು

ನಮ್ಮಲ್ಲೂ ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆ ಅಣ್ಣ. ಹೋಂಸ್ಟೇ ಅಂದರೆ ಮನೆಯವರು ಅಲ್ಲೇ ವಾಸ ಇರಬೇಕು. ಆದರೆ ಈಗ ಏನಾಗಿದೆ ಅಂದರೆ, ದೂರದ ಊರಿನವರು ಇಲ್ಲಿ ಬಂಗಲೆ ಲೀಸಿಗೆ ತೆಗೆದುಕೊಂಡು, ಒಬ್ಬ ಹುಡುಗನನ್ನು ಕೂರಿಸಿ, ಹೋಂಸ್ಟೇ ಅಂತ ಬೋರ್ಡ್ ಹಾಕುತ್ತಾರೆ. ಆ ಹುಡುಗನಿಗೆ ಗೀಸರ್ ಕೆಟ್ಟರೆ ಯಾರಿಗೆ ಹೇಳಬೇಕು ಅಂತಲೂ ಗೊತ್ತಿರುವುದಿಲ್ಲ. ನೋಂದಣಿ ಮಾಡಿಸಿ, ಮನೆಯಲ್ಲೇ ಇದ್ದು ನಡೆಸುವವರಿಗೂ ಇವರಿಂದಾಗಿ ಕೆಟ್ಟ ಹೆಸರು. ನೋಡಿ ಬುಕ್ ಮಾಡುತ್ತೇವೆ ಅಂತ ಜನ ಕೇಳುವುದು ಇವರ ಕಡೆ ಮೋಸ ಹೋದ ಮೇಲೆ.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಇಡೀ ಕೊಡಗಿಗೆ ಜನ ಬರುವುದೇ ನಿಂತಿತ್ತು. ಆಮೇಲೆ ಎಷ್ಟೋ ಜನ ಫೋನ್ ಮಾಡಿ ಕೇಳುತ್ತಿದ್ದದ್ದು ರೂಂ ಹೇಗಿದೆ ಅಂತ ಅಲ್ಲ, "ಮನೆ ಹಿಂದೆ ಬರೆ (ಕಡಿದಾದ ಮಣ್ಣಿನ ಗುಡ್ಡ) ಇದೆಯಾ, ಹೊಳೆ ಎಷ್ಟು ದೂರ" ಅಂತ. ಆಗ ಅನುಮಾನ ಇದ್ದವರಿಗೆಲ್ಲಾ ಬಂದು ನೋಡಿ ಅಂತ ನಾವೇ ಕರೆದಿದ್ದೆವು. ಅಂಥ ಪ್ರಶ್ನೆ ಈಗಲೂ ನ್ಯಾಯವೇ.

ಹುಬ್ಬಳ್ಳಿ_ಹುಡುಗ

ಜಿಗಣೆ ಯಾವ ತಿಂಗಳು ಕಡಿಮೆ ಇರುತ್ತವೆ? ನಮ್ಮ ಮನೆಯವರಿಗೆ ಅದೇ ಚಿಂತೆ.

ಮಡಿಕೇರಿ_ಮಂಜು

ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಬನ್ನಿ, ಜಿಗಣೆ ಕಾಟ ಇಲ್ಲ ಅಂದರೂ ಆಗುತ್ತದೆ. ಆದರೆ ಆಗ ಅಬ್ಬಿ ಜಲಪಾತದಲ್ಲಿ ನೀರು ಕಡಿಮೆ ಅಂತ ಬೇಜಾರು ಮಾಡಿಕೊಳ್ಳಬೇಡಿ. ಇದೇ ನೋಡಿ, ಜುಲೈನಲ್ಲಿ ಬಂದು ನೋಡಿ ಹೋದವರು ಮಾರ್ಚ್‌ಗೆ ಬುಕ್ ಮಾಡುತ್ತಾರೆ. ತೋಟದ ಪಕ್ಕದ ಹಳ್ಳ ಎಲ್ಲಿ ಹೋಯಿತು ಅಂತಾರೆ. ಒಂದು ದಿನ ನೋಡಿದರೆ ಆ ದಿನದ್ದು ಮಾತ್ರ ಗೊತ್ತಾಗುತ್ತದೆ.

ತೋಟದಮನೆ_ಸೋಮವಾರಪೇಟೆ

ಮಲ್ಲಳ್ಳಿ ಜಲಪಾತದ ವಿಷಯದಲ್ಲೂ ಹಾಗೆಯೇ. ನಮ್ಮಲ್ಲಿಗೆ ಬರುವವರಿಗೆ ಈಗ ನಾನೇ ಮುಂಚೆ ಹೇಳಿಬಿಡುತ್ತೇನೆ.

ಗಿರಿಜಕ್ಕ

ನೋಡಲು ಬರುವವರಿಗೆ 200 ರೂಪಾಯಿ ತೆಗೆದುಕೊಳ್ಳಿ. ಬುಕ್ ಮಾಡಿದರೆ ಬಿಲ್ಲಿನಲ್ಲಿ ಕಳೆಯಿರಿ. ಸುಮ್ನೆ ಬರುವವರು ತಾವಾಗೇ ನಿಲ್ಲುತ್ತಾರೆ.

ಮಡಿಕೇರಿ_ಮಂಜು

ಅಕ್ಕಾ, ಮನೆ ಬಾಗಿಲಿಗೆ ಬಂದವರ ಹತ್ತಿರ ದುಡ್ಡು ಕೇಳಲು ನಮ್ಮ ಕಡೆ ನಾಲಿಗೆ ಏಳುವುದಿಲ್ಲ.

ಎಚ್ಎಸ್ಆರ್_ಎರಡನೇ_ಮಹಡಿ

ನನಗೆ ಏಳುತ್ತದೆ. ತೋರಿಸಲು ನಾನು ಆಫೀಸಿನಿಂದ ಒಂದು ಗಂಟೆ ಟ್ರಾಫಿಕ್‌ನಲ್ಲಿ ಬರಬೇಕು. ಆದರೂ ದುಡ್ಡು ತೆಗೆದುಕೊಂಡು ತೋರಿಸುವುದಕ್ಕಿಂತ ತೋರಿಸದೇ ಇರುವುದು ನೇರ.

ಕೂಡಿಟ್ಟ_ದುಡ್ಡು

ಮೋಸದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಇಲ್ಲದ ಹೋಂಸ್ಟೇ ಹೆಸರಿನಲ್ಲಿ ಪೇಜ್ ಮಾಡಿ ಅಡ್ವಾನ್ಸ್ ಹೊಡೆಯುವವರು ಇಲ್ಲೂ ಇದ್ದಾರೆ. ಬೇರೆಯವರ ಮನೆಯ ಫೋಟೋ ಕದ್ದು ಹಾಕುತ್ತಾರೆ, ದರ ಅರ್ಧ ಹೇಳುತ್ತಾರೆ, "ಇನ್ನೊಬ್ಬರು ಕೇಳುತ್ತಿದ್ದಾರೆ, ಹತ್ತು ನಿಮಿಷದಲ್ಲಿ ಕಳಿಸಿ" ಅಂತ ಅವಸರ ಮಾಡುತ್ತಾರೆ. ನೋಡಬಹುದಾ ಅಂತ ಕೇಳಿದರೆ ಉತ್ತರವೇ ಇಲ್ಲ. ಅದಕ್ಕೆ ನಾನು ಹೋಗಲಿ ಬಿಡಲಿ, ಆ ಪ್ರಶ್ನೆ ಕೇಳಿಯೇ ಕೇಳುತ್ತೇನೆ. ಸರಿಯಾದ ಮಾಲೀಕರು ಬೇಡ ಅಂದರೂ ಯಾಕೆ ಬೇಡ ಅಂತ ಹೇಳುತ್ತಾರೆ, ವಿಡಿಯೋ ಕಳಿಸುತ್ತಾರೆ, ನೋಂದಣಿ ಕಾಗದ ತೋರಿಸುತ್ತಾರೆ.

ರೀಫಂಡ್ ಕಳಿಸುತ್ತೇನೆ, ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ ಅಂದರೆ ಅಲ್ಲೇ ಫೋನ್ ಇಡಿ. ಯುಪಿಐಯಲ್ಲಿ ದುಡ್ಡು ಬರಲು ಪಿನ್ ಬೇಕಾಗಿಯೇ ಇಲ್ಲ, ಹೋಗಲು ಮಾತ್ರ ಬೇಕು. ದುಡ್ಡು ಹೋಯಿತು ಅಂದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಹೇಳುತ್ತೀರೋ ಅಷ್ಟು ಒಳ್ಳೆಯದು.

ಒಂಟಿಕೊಪ್ಪಲ್_ಮನೆ

ನೋಡಲು ಬಂದವರ ಗುರುತಿನ ಚೀಟಿ ಕೇಳಬಹುದಾ? ನಾನು ಕೇಳುತ್ತೇನೆ, ಕೆಲವರು ಆಧಾರ್ ಕೊಡುವುದಿಲ್ಲ ಅಂತ ಸಿಟ್ಟಾಗುತ್ತಾರೆ.

ಕಾನೂನು_ಕಟ್ಟೆ

ನೋಡಿ, ಉಳಿಯಲು ಬಂದವರದ್ದು ಬೇರೆ. ಸುಮ್ನೆ ನೋಡಲು ಬಂದವರ ಆಧಾರ್ ಪ್ರತಿ ಇಟ್ಟುಕೊಳ್ಳಬೇಡಿ ಮೇಡಂ, ಅದು ನಿಮ್ಮ ತಲೆ ಮೇಲೂ ಜವಾಬ್ದಾರಿ. ಗುರುತಿನ ಚೀಟಿ ಯಾವುದಾದರೂ ಒಂದು ತೋರಿಸಿ ಅಂತ ಕೇಳಿ, ನೋಡಿ ವಾಪಸ್ ಕೊಡಿ. ಕೊಡುವವರೂ ಅಷ್ಟೇ, ಮಾಸ್ಕ್ ಮಾಡಿದ ಆಧಾರ್ ಇಟ್ಟುಕೊಳ್ಳಿ, ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ. ವಿದೇಶಿಯರು ಉಳಿದರೆ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಸಲ್ಲಿಸಬೇಕು, ಅದನ್ನು ಮರೆಯಬೇಡಿ.

ವಿರಾಜಪೇಟೆ_ಕಡೆಯವ

ಎಲ್ಲರೂ ಒಂದೆರಡು ರೂಮಿನ ಮಾತಾಡುತ್ತಿದ್ದೀರಿ. ಇಡೀ ಮನೆ ತೆಗೆದುಕೊಳ್ಳುವ ಗುಂಪಿನ ವಿಷಯ ಬೇರೆ. ಮದುವೆಗೆ ನೆಂಟರನ್ನು ಇಳಿಸಲು ಕೇಳುತ್ತಾರೆ, ಆಫೀಸಿನವರು ಇಪ್ಪತ್ತು ಜನ ಬರುತ್ತೇವೆ ಅಂತಾರೆ. ಅಂಥವರಿಗೆ ನಾನೇ ಹೇಳುತ್ತೇನೆ, ಇಬ್ಬರು ಬಂದು ನೋಡಿಕೊಂಡು ಹೋಗಿ, ಆಮೇಲೆ ಅಡ್ವಾನ್ಸ್ ಮಾತು. ಅವರಿಗೆ ಹಾಸಿಗೆ ಎಷ್ಟು ಹಿಡಿಯುತ್ತದೆ, ಬಸ್ಸು ಎಲ್ಲಿ ತನಕ ಬರುತ್ತದೆ ಗೊತ್ತಾಗುತ್ತದೆ. ನನಗೂ ಅವರು ಎಂಥವರು ಅಂತ ಗೊತ್ತಾಗುತ್ತದೆ. ರಾತ್ರಿ ಸ್ಪೀಕರ್ ಹಾಕುವಂತಿಲ್ಲ, ಲೈನ್ ಮನೆಯಲ್ಲಿ ಕೆಲಸದವರ ಮಕ್ಕಳು ಮಲಗಿರುತ್ತಾರೆ, ಕತ್ತಲಾದ ಮೇಲೆ ತೋಟದೊಳಗೆ ಹೋಗುವಂತಿಲ್ಲ, ಆನೆ ಇರುತ್ತದೆ ಅಂತ ಎದುರಿಗೆ ನಿಲ್ಲಿಸಿಕೊಂಡು ಹೇಳಿದರೆ ಕೇಳುತ್ತಾರೆ. ಮೆಸೇಜಿನಲ್ಲಿ ಹೇಳಿದ್ದನ್ನು ಯಾರೂ ಓದುವುದಿಲ್ಲ.

ತೋಟದಮನೆ_ಸೋಮವಾರಪೇಟೆ

ಇದು ನನಗೆ ಹೊಳೆದೇ ಇರಲಿಲ್ಲ. ನಾನು ಈಗ ಹೀಗೆ ಅಂದುಕೊಂಡಿದ್ದೇನೆ. ಎಲ್ಲರಿಗೂ ಮೊದಲು ವಿಡಿಯೋ, ಬಾತ್‌ರೂಂ ಅಳತೆ ಸೇರಿಸಿ. ವಯಸ್ಸಾದವರು, ನಡೆಯಲು ಕಷ್ಟ ಇರುವವರು, ಪುಟ್ಟ ಮಕ್ಕಳಿರುವವರು, ಒಂದು ವಾರಕ್ಕಿಂತ ಜಾಸ್ತಿ ಇರುವವರು ಬಂದು ನೋಡಬಹುದು, ಸೋಮವಾರದಿಂದ ಗುರುವಾರದೊಳಗೆ, ರೂಂ ಖಾಲಿ ಇದ್ದಾಗ, ಫೋನ್ ಮಾಡಿ. ವಾರಾಂತ್ಯ ಯಾರಿಗೂ ಇಲ್ಲ. ಸಕಲೇಶಪುರದವರ ಹಾಗೆ ಬಾಗಿಲಲ್ಲೇ ದುಡ್ಡು ವಾಪಸ್ ಕೊಡಲು ಯಜಮಾನರು ಇನ್ನೂ ಒಪ್ಪಿಲ್ಲ. ಲಾಂಗ್ ವೀಕೆಂಡ್‌ನಲ್ಲಿ ಹೇಗೆ ಅಂತ ಕೇಳುತ್ತಿದ್ದಾರೆ.

ವಾರಾಂತ್ಯ_ವಿಜಯನಗರ

ಒಪ್ಪಿಸಿ ಮೇಡಂ. ನನಗೆ ಅದೊಂದು ಇದ್ದರೆ ಬಂದು ನೋಡುವುದೂ ಬೇಡ, ವಿಡಿಯೋ ಕೂಡ ಬೇಡ.

ಕ್ಯಾಮೆರಾ_ಕಣ್ಣು

ವಿಡಿಯೋ ಮಾಡುವಾಗ ಫೋನ್ ಎದೆ ಮಟ್ಟದಲ್ಲಿ ಹಿಡಿಯಿರಿ, 1ಎಕ್ಸ್‌ನಲ್ಲೇ ಇಡಿ, ನಿಧಾನ ನಡೆಯಿರಿ. ಹಗಲು ಒಂದು, ರಾತ್ರಿ ಲೈಟ್ ಹಾಕಿ ಒಂದು. ಮಳೆಗಾಲದಲ್ಲಿ ಮತ್ತೊಂದು ಮಾಡಿ ಬದಲಿಸಿ.

ಹುಬ್ಬಳ್ಳಿ_ಹುಡುಗ

ರಸ್ತೆದೂ ಹಾಕ್ರಿ ಮೇಡಂ. ರೂಂ ಎಲ್ಲರೂ ತೋರಿಸ್ತಾರೆ, ಮೇನ್ ರೋಡ್ ಬಿಟ್ಟ ಮೇಲೆ ಒಳಗಿನ ದಾರಿ ಯಾರೂ ತೋರಿಸೋದಿಲ್ಲ. ಹೋದ ವರ್ಷ ಒಂದು ಕಡೆ ನಮ್ಮ ಕಾರಿನ ತಳ ಕಲ್ಲಿಗೆ ಬಡಿದು ಆಯಿಲ್ ಸೋರಿತು. ನಿಮ್ಮಲ್ಲಿಗೆ ಸಣ್ಣ ಕಾರು ಬರುತ್ತೇನು?

ತೋಟದಮನೆ_ಸೋಮವಾರಪೇಟೆ

ಬೇಸಿಗೆಯಲ್ಲಿ ಬರುತ್ತದೆ. ಮಳೆ ಬಿದ್ದರೆ ಕೊನೆಯ ಏರು ಜಾರುತ್ತದೆ, ಕಾರನ್ನು ಕೆಳಗೆ ಗೇಟಿನ ಹತ್ತಿರ ನಿಲ್ಲಿಸಿ ಫೋನ್ ಮಾಡಿ, ನಮ್ಮ ಜೀಪ್ ಬರುತ್ತದೆ, ಅದಕ್ಕೆ ದುಡ್ಡಿಲ್ಲ. ನಾಳೆ ಬೆಳಗ್ಗೆ ಗೇಟಿನಿಂದಲೇ ವಿಡಿಯೋ ಶುರು ಮಾಡುತ್ತೇನೆ.